ಕರೆಂಟು ಎಲ್ಲಿ ಹೋಯಿತು?

ನಮ್ಮ ಹಿಟ್ಟಿನ ಮಿಲ್ಲಿನ ಗೋಡೆಗೆ ಒಂದು ಕ್ಯಾಲೆಂಡರು ನೇತುಹಾಕಿದ್ದೇನೆ. ಅದರ ಪ್ರತಿ ಚೌಕದಲ್ಲೂ ಎರಡು ಲೆಕ್ಕ: ಮೇಲೆ ಆ ದಿನದ ಹಾಲು, ಕೆಳಗೆ ಕರೆಂಟು ಹೋಗಿದ್ದರೆ ಒಂದು ‘ಕ’. ಕಳೆದ ಜುಲೈ ಹಾಳೆಯಲ್ಲಿ 19 ‘ಕ’ಗಳಿವೆ. ಒಂದೇ ದಿನ ಮೂರು ಸಲ ಹೋದರೂ ನಾನು ಬರೆಯುವುದು ಒಂದೇ ‘ಕ’. ಇಲ್ಲದಿದ್ದರೆ ಹಾಲಿನ ಲೆಕ್ಕಕ್ಕೆ ಜಾಗ ಸಾಲುವುದಿಲ್ಲ.

ಸಕಲೇಶಪುರದಿಂದ ಹಾನುಬಾಳಿನ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ಊರು ನಮ್ಮದು. ಮಿಲ್ಲು ಹಾಕಿಸಿದವರು ಮಾವನವರು. 10 ಎಚ್‌ಪಿ ಮೋಟರು, ಅಕ್ಕಿ ರಾಗಿಗೆ ಒಂದು ಯಂತ್ರ, ಖಾರದ ಪುಡಿಗೆ ಇನ್ನೊಂದು. ಅವರು ತೀರಿಕೊಂಡ ಮೇಲೆ ಎಂಟು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಕರೆಂಟು ಹೋದ ಕೂಡಲೇ ಅಕ್ಕಿ ಡಬ್ಬ ಹಿಡಿದು ಬೆಂಚಿನ ಮೇಲೆ ಕುಳಿತವರೆಲ್ಲ ನನ್ನ ಮುಖ ನೋಡುತ್ತಾರೆ, ಕರೆಂಟು ಕೊಡುವ ಸ್ಟೇಷನ್ನಿನ ಬೀಗದ ಕೈ ನನ್ನ ಸೆರಗಿನಲ್ಲೇ ಕಟ್ಟಿದೆಯೇನೋ ಎನ್ನುವಂತೆ. “ಯಾವಾಗ ಬರುತ್ತದೆ?” ಮಾವನವರು ಇದಕ್ಕೆ ಕೊಡುತ್ತಿದ್ದ ಉತ್ತರ ಒಂದೇ: “ಎಲ್ಲಿ ಹೋಗಿದೆ ಎಂದು ಮೊದಲು ತಿಳಿಯಲಿ, ಯಾವಾಗ ಬರುತ್ತದೆ ಎಂದು ಆಮೇಲೆ ಹೇಳುತ್ತೇನೆ.” ಆಗ ಅದು ಮುದುಕರ ಕೊಂಕು ಅನ್ನಿಸುತ್ತಿತ್ತು. ಈಗ ನಾನೂ ಅದನ್ನೇ ಹೇಳುತ್ತೇನೆ.

ಅವರು ಕಲಿಸಿದ ಕ್ರಮ ಹೀಗೆ. ಕರೆಂಟು ಹೋದರೆ ಮೊದಲು ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲಬೇಕು. ಪಕ್ಕದ ಮನೆಯಲ್ಲಿ ದೀಪ ಇದ್ದರೆ ದೋಷ ನಮ್ಮದೇ. ಪಕ್ಕದಲ್ಲೂ ಇಲ್ಲ, ಆದರೆ ಎದುರು ಗುಡ್ಡದ ಎಸ್ಟೇಟಿನ ಕೆಲಸದವರ ಲೈನ್ ಮನೆಗಳಲ್ಲಿ ದೀಪ ಕಾಣುತ್ತಿದೆ ಎಂದರೆ ನಮ್ಮ ಟಿಸಿಯಲ್ಲಿ ಏನೋ ಆಗಿದೆ. ಗುಡ್ಡವೂ ಕತ್ತಲೆ ಎಂದರೆ ಫೀಡರೇ, ಅಂದರೆ ಸ್ಟೇಷನ್ನಿನಿಂದ ಬರುವ ದೊಡ್ಡ ಲೈನೇ ಹೋಗಿದೆ. ಒಲೆಯ ಮೇಲೆ ಕಾಫಿಗೆ ನೀರಿಟ್ಟು ಬಂದವರಿಗೆಲ್ಲ ಕೊಡುವುದು ಉತ್ತಮ. ಇದಕ್ಕೆ ನಾನು ಸೇರಿಸಿದ ನಾಲ್ಕನೆಯ ಗುರುತು ಒಂದಿದೆ. ಮೊಬೈಲಿನ ಸಿಗ್ನಲ್ ಕಡ್ಡಿಗಳೂ ಹೋದವು ಎಂದರೆ ಟವರಿನ ಬ್ಯಾಟರಿಯೂ ಮುಗಿಯಿತು ಎಂದು ಅರ್ಥ. ಅಂದು ಡಬ್ಬಗಳನ್ನು ಇಲ್ಲೇ ಬಿಟ್ಟು ಮನೆಗೆ ಹೋಗಿ ಎಂದು ಹೇಳಿಬಿಡುತ್ತೇನೆ.

ಟಿಸಿ ಎಂದರೆ ಶಾಲೆಯ ಹಿಂದೆ ಎರಡು ಕಂಬಗಳ ನಡುವೆ ಕುಳಿತಿರುವ ಟ್ರಾನ್ಸ್‌ಫಾರ್ಮರ್. ಸ್ಟೇಷನ್ನಿನಿಂದ ತೋಟ, ಹಳ್ಳ, ಗುಡ್ಡ ದಾಟಿ ಬರುವ 11 ಕೆವಿ (11,000 ವೋಲ್ಟ್) ಲೈನು ಅಲ್ಲಿ 400 ವೋಲ್ಟಿಗೆ ಇಳಿದು ಮೂರು ಫೇಸ್, ಒಂದು ನ್ಯೂಟ್ರಲ್ ಆಗಿ ಊರೊಳಗೆ ಬರುತ್ತದೆ. ಮನೆಗಳಿಗೆ ಒಂದೊಂದು ಫೇಸ್ ಮತ್ತು ನ್ಯೂಟ್ರಲ್, ಅಂದರೆ 230 ವೋಲ್ಟ್. ನನ್ನ ಮೋಟರಿಗೆ ಮೂರೂ ಬೇಕು. ಹಾಗಾಗಿ ಊರಿಗೆ ಗೊತ್ತಾಗದ ಕಾಯಿಲೆಗಳೂ ನನಗೆ ಗೊತ್ತಾಗುತ್ತವೆ.

‘ಡಿಮ್ಮು’ ಅಂಥದ್ದೊಂದು. ಪೂರ್ತಿ ಹೋಗಿರುವುದಿಲ್ಲ, ಪೂರ್ತಿ ಇರುವುದೂ ಇಲ್ಲ. ಬೀದಿಯ ಒಂದು ಸಾಲಿನ ಮನೆಗಳಲ್ಲಿ ದೀಪ ಚೆನ್ನಾಗಿ ಉರಿಯುತ್ತಿರುತ್ತದೆ, ಉಳಿದೆರಡು ಸಾಲುಗಳಲ್ಲಿ ಹಳೆಯ ಬಲ್ಬುಗಳು ಕೆಂಡದಂತೆ ಕೆಂಪಗೆ, ಫ್ರಿಜ್ಜು ನರಳುತ್ತಿರುತ್ತದೆ. ಟಿಸಿಯ ಮೇಲಿನ, 11 ಕೆವಿ ಬರುವ ಕಡೆಯ ಮೂರು ಎಚ್‌ಟಿ ಫ್ಯೂಸುಗಳಲ್ಲಿ ಒಂದು ಹೋದರೆ ಹೀಗಾಗುತ್ತದೆ: ಕೆಳಗೆ ಒಂದು ಫೇಸಿನಲ್ಲಿ ಪೂರ್ತಿ ವೋಲ್ಟೇಜು, ಉಳಿದೆರಡರಲ್ಲಿ ಅರ್ಧರ್ಧ. ದೀಪ ಉರಿಯುವ ಮನೆಯವರು ಫೋನ್ ಮಾಡುವುದಿಲ್ಲ, ಡಿಮ್ಮಿನ ಮನೆಯವರು ಯಾರೋ ಮಾಡಿರುತ್ತಾರೆ ಎಂದು ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ಮೋಟರು ಚಾಲೂ ಮಾಡಿದರೆ ತಿರುಗದೆ ಗುಂಯ್ ಎನ್ನುತ್ತದೆ. ಅದನ್ನು ಹಾಗೇ ಬಿಟ್ಟರೆ ಒಳಗಿನ ಸುರುಳಿ ಸುಟ್ಟು, ರಿವೈಂಡಿಂಗ್‌ಗೆ ಹಾಸನಕ್ಕೆ ಹೊತ್ತುಕೊಂಡು ಹೋಗಬೇಕು. ಮಾವನವರ ಕಾಲದಲ್ಲಿ ಎರಡು ಸಲ ಹೊತ್ತಿದ್ದೇವೆ. ಈಗ ಸ್ಟಾರ್ಟರಿನ ಜೊತೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದೇನೆ. ಒಂದು ಫೇಸ್ ಕಾಣೆಯಾದರೆ ಅದು ಮೋಟರನ್ನು ಏಳಲು ಬಿಡುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ತುಂಡಾಗುವುದು. ಕತ್ತಲೆಗೆ ಹೆದರುವ ನಾವು ಬೆಳಕು ಹೆಚ್ಚಾದರೆ ಹೆದರುವುದಿಲ್ಲ, ಅದೇ ತಪ್ಪು. ಒಂದು ಸಂಜೆ ನಮ್ಮ ಓರಗಿತ್ತಿಯ ಮನೆಯಲ್ಲಿ ಮಿಕ್ಸಿ ಹಾಕಿದಾಗಲೆಲ್ಲ ನಮ್ಮ ಮನೆಯ ದೀಪ ಫಳಫಳ ಹೊಳೆಯುತ್ತಿತ್ತು. ನೋಡಲು ಚೆನ್ನಾಗಿತ್ತು. ಹದಿನೈದು ನಿಮಿಷದಲ್ಲಿ ಟಿವಿ, ಎರಡು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಎಲ್ಲ ಹೋದವು. ನ್ಯೂಟ್ರಲ್ ತಂತಿಯ ಕೊಂಡಿ ಬಿಟ್ಟರೆ ಹೊರೆ ಕಡಿಮೆ ಇರುವ ಫೇಸಿನ ಮನೆಗಳಿಗೆ 230ರ ಬದಲು 400ರ ಹತ್ತಿರದವರೆಗೂ ವೋಲ್ಟೇಜು ನುಗ್ಗಬಹುದು. ಅಂದಿನಿಂದ ದೀಪ ಇದ್ದಕ್ಕಿದ್ದಂತೆ ಹೆಚ್ಚು ಹೊಳೆದರೆ ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ. ಟಿವಿಗೆ ದುಡ್ಡು ಕೊಟ್ಟವಳು ನಾನು.

ಇನ್ನು ನಮ್ಮದೇ ತಪ್ಪಿನ ಕಥೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಒಂದು ಡಿಸೆಂಬರಿನಲ್ಲಿ ಮನೆಯ ದೀಪಗಳು ಮಿಣಮಿಣ ಎನ್ನಲು ಶುರುವಾದವು. ಮಳೆ ಇಲ್ಲ, ಗಾಳಿ ಇಲ್ಲ, ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿತ್ತು. ಎರಡು ದಿನದಲ್ಲಿ ಲೈನ್‌ಮ್ಯಾನ್‌ಗೆ ಆರು ಸಲ ಫೋನ್ ಮಾಡಿ ಬೈದೆ. ವಿಜಯಪುರದ ಕಡೆಯ ಹುಡುಗ ಅವನು, ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಇಂಬಳ ಕಂಡು ಕಂಬದಿಂದ ಇಳಿಯಲು ಹೆದರಿದವನು. ಈಗ ಅವನಿಗೆ ಇಂಬಳ ಲೆಕ್ಕವೇ ಇಲ್ಲ. ಬಂದವನು ಕಂಬ ಹತ್ತಲೇ ಇಲ್ಲ. ಬೀದಿಯಲ್ಲಿ ನಿಂತು ಆಚೀಚೆಯ ಮನೆಗಳ ದೀಪ ನೋಡಿದ. ಅಂದರೆ ಮಾವನವರು ನನಗೆ ಕಲಿಸಿದ್ದನ್ನೇ ಅವನು ಮಾಡಿದ, ಸಿಟ್ಟಿನಲ್ಲಿ ನಾನು ಮರೆತಿದ್ದೆ. ಆಮೇಲೆ ಜಗಲಿಯ ಮೀಟರ್ ಬೋರ್ಡಿನ ಹತ್ತಿರ ಬಂದು ಮೂಗು ಅರಳಿಸಿದ.

“ಅಕ್ಕಾ, ಎಷ್ಟು ದಿನದಿಂದ ಈ ವಾಸನೆ?”

ಮೀನು ಕೊಳೆತಂಥ ವಾಸನೆ ಒಂದು ವಾರದಿಂದ ಇತ್ತು. ಇಲಿ ಸತ್ತಿರಬೇಕು ಎಂದು ಮಾಡು ಹುಡುಕಿಸಿದ್ದೆ. ಅದು ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಕಂಬದಿಂದ ಬರುವ ಅಲ್ಯೂಮಿನಿಯಂ ಸರ್ವಿಸ್ ವೈರನ್ನು ಯಾವ ಕಾಲದಲ್ಲೋ ತಾಮ್ರದ ತಂತಿಗೆ ಬರೀ ತಿರುಚಿ ಟೇಪು ಸುತ್ತಿದ್ದರು. ಎರಡು ಬೇರೆ ಲೋಹಗಳ ಗಂಟು, ಜೊತೆಗೆ ನಮ್ಮ ಊರಿನ ತೇವ. ಕ್ರಮೇಣ ತುಕ್ಕಿನಂಥ ಪದರ ಕಟ್ಟಿ, ಸಡಿಲವಾಗಿ, ಗೀಸರ್ ಹಾಕಿದಾಗಲೆಲ್ಲ ಅಲ್ಲಿ ಕಾದು ಕಾದು ವೈರಿನ ಮೈ ಕರಗಿತ್ತು. ಅವನು ಕಂಬದಲ್ಲಿ ವೈರು ಬಿಚ್ಚಿ ಬಂದು ಟೇಪು ಸುಲಿದಾಗ ಒಳಗೆ ಇದ್ದಿಲಿನ ಬಣ್ಣ, ಮೇಲಿಂದ ಕಟ್ಟಿರುವೆಗಳ ಗೂಡು.

ಅಷ್ಟಕ್ಕೇ ಮುಗಿಯಲಿಲ್ಲ. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು ಎಳೆದು ನೋಡಿದರೆ ಅದರಲ್ಲಿ ಫ್ಯೂಸ್ ವೈರ್ ಇರಲಿಲ್ಲ. ಹಳೆಯ ವೈರಿನಿಂದ ಬಿಡಿಸಿದ ತಾಮ್ರದ ಮೂರು ಎಳೆಗಳನ್ನು ಹೊಸೆದು ಹಾಕಿತ್ತು. ಪದೇ ಪದೇ ಫ್ಯೂಸು ಹೋಗುವುದು ಬೇಡ ಎಂದು ಮನೆಯವರೇ ಯಾವಾಗಲೋ ಮಾಡಿದ ಜಾಣತನ.

“ಅಕ್ಕಾ, ಫ್ಯೂಸು ಇರುವುದು ಹೋಗುವುದಕ್ಕೇ,” ಎಂದ ಅವನು. “ಇದು ಹೋಗುವುದಿಲ್ಲ, ಮನೆ ಹೋಗುತ್ತದೆ.”

ಮನೆಯವರು ತೋಟದ ಕಡೆ ಏನೋ ಕೆಲಸ ನೆನಪಾಗಿ ಎದ್ದು ಹೋದರು. ನಾನು ಆ ಹುಡುಗನಿಗೆ ಕಡುಬು, ಕಾಯಿ ಚಟ್ನಿ ಕೊಟ್ಟೆ. ಬೈದದ್ದಕ್ಕೆ ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಎರಡು ಕಡುಬು ಜಾಸ್ತಿ ಹಾಕಿದೆ.

ಆಮೇಲೆ ಕಿಟ್‌ಕ್ಯಾಟ್ ತೆಗೆಸಿ ಎಂಸಿಬಿ, ಅಂದರೆ ಹೊರೆ ಹೆಚ್ಚಾದರೆ ತಾನೇ ಕೆಳಗೆ ಬೀಳುವ ಸ್ವಿಚ್ಚು ಹಾಕಿಸಿದೆವು. ಹಾಸನದಲ್ಲಿ ಡಿಪ್ಲೊಮಾ ಓದುತ್ತಿರುವ ಮಗಳು ಹಟ ಹಿಡಿದು ಆರ್‌ಸಿಸಿಬಿಯನ್ನೂ ಹಾಕಿಸಿದಳು. 30 ಮಿಲಿ ಆಂಪಿಯರ್‌ನಷ್ಟು ಕರೆಂಟು ಎಲ್ಲೋ ಸೋರಿದರೂ ಅದು ಕೆಳಗೆ ಬೀಳುತ್ತದೆ. ಜೀವ ಉಳಿಸುವ ಸಾಮಾನು, ಒಪ್ಪುತ್ತೇನೆ. ಆದರೆ ಮೊದಲ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಬಿದ್ದು ನನ್ನ ಜೀವ ತೆಗೆಯಿತು. ಕೊನೆಗೆ ಮಗಳು ರಜೆಗೆ ಬಂದಾಗ ಎಲ್ಲ ಎಂಸಿಬಿ ಇಳಿಸಿ, ಒಂದೊಂದನ್ನೇ ಏರಿಸುತ್ತ ಬಂದಳು. ನಾಲ್ಕನೆಯದಕ್ಕೆ ಟಪ್ ಎಂದಿತು. ಅದು ಕೊಟ್ಟಿಗೆಯ ಲೈನು. ದನಕ್ಕೆ ಹುಲ್ಲು ಹಾಕುವಲ್ಲಿದ್ದ ಹೋಲ್ಡರಿನೊಳಗೆ ಮಾಡಿನ ನೀರು ಇಳಿದಿತ್ತು. ಹಿಂದಿನ ಮಳೆಗಾಲಗಳಲ್ಲೂ ಇಳಿದಿರಬೇಕು. ಆಗ ಹೇಳುವವರು ಯಾರೂ ಇರಲಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿ ಹಾಲು ಕರೆದ ಸಂಜೆಗಳನ್ನೆಲ್ಲ ಆ ದಿನ ಒಮ್ಮೆ ನೆನೆದುಕೊಂಡೆ.

ಆದರೆ ಇವೆಲ್ಲ ಕ್ಯಾಲೆಂಡರಿನ ‘ಕ’ಗಳಲ್ಲಿ ಕಾಲು ಭಾಗವೂ ಅಲ್ಲ. ನಮ್ಮ ಕಡೆ ಕರೆಂಟು ಹೋಗುವುದು ಹೆಚ್ಚಾಗಿ ಮರದಿಂದ. ಕಾಫಿಗೆ ನೆರಳು ಬೇಕು, ಮೆಣಸಿನ ಬಳ್ಳಿಗೆ ಆಸರೆ ಬೇಕು, ಅದಕ್ಕೇ ಎಲ್ಲ ತೋಟದಲ್ಲೂ ಸಿಲ್ವರ್ ಓಕ್. ಬೇಗ ಎತ್ತರಕ್ಕೆ ಬೆಳೆಯುತ್ತದೆ, ಗಾಳಿಗೆ ಬೇಗ ಮುರಿಯುತ್ತದೆ. ಮಳೆಗೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ಮಾಡುವಾಗ ಲೈನಿನ ಪಕ್ಕದ ಕೊಂಬೆ ತೆಗೆಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಲೈನಿನವರು ತಾವೇ ಕತ್ತಿ ಹಿಡಿದು ಬಂದರೆ ಮಾತ್ರ ತೋಟದವರು ಗೇಟಿನಲ್ಲೇ ನಿಲ್ಲಿಸುತ್ತಾರೆ: ಬಳ್ಳಿ ಹಾಳಾಗುತ್ತದೆ, ಈ ವರ್ಷ ಮೆಣಸಿಗೆ ರೇಟಿದೆ, ಮುಂದಿನ ವರ್ಷ ನೋಡೋಣ. ಜೂನಿನಲ್ಲಿ ಅದೇ ಕೊಂಬೆ ತಂತಿಯ ಮೇಲೆ ಬಿದ್ದಾಗ ಕರೆಂಟಿನ ದೂರಿನ ನಂಬರು 1912ಕ್ಕೆ ಮೊದಲು ಫೋನ್ ಮಾಡುವವರೂ ಅವರೇ. ‘ಅವರು’ ಎಂದು ಬರೆದೆ. ನಮ್ಮದೂ ಎರಡು ಎಕರೆ ತೋಟ ಇದೆ, ಅದರಲ್ಲೂ ಲೈನು ಹಾದುಹೋಗಿದೆ, ಅಲ್ಲಿನ ಮರಕ್ಕೂ ಬಳ್ಳಿ ಹಬ್ಬಿದೆ.

ಮರಗಸಿಯಾಗಲಿ ಮೆಣಸು ಕೊಯ್ಲಾಗಲಿ, ತಂತಿಯ ಹತ್ತಿರ ಅಲ್ಯೂಮಿನಿಯಂ ಏಣಿ ಮಾತ್ರ ಬೇಡ. ಏಣಿ ತಂತಿಗೆ ತಗುಲಿ ತೋಟದ ಕೆಲಸದವರು ಸತ್ತ ಸುದ್ದಿ ಈ ಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕರೆಂಟು ಹೋಗುವುದಕ್ಕೆ ಅದೂ ಒಂದು ಕಾರಣ ಎಂದು ‘ಕ’ ಬರೆಯುವ ದಿನ ನನಗೆ ಬರದಿರಲಿ.

ಮರ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಕಾಣದ ದೋಷದ ಕಥೆ ಬೇರೆ. ಕಳೆದ ವರ್ಷ ಪುಷ್ಯ ಮಳೆಯಲ್ಲಿ ನಾಲ್ಕು ದಿನ ಒಂದು ವಿಚಿತ್ರ ನಡೆಯಿತು. ಮಳೆ ಜೋರಾದರೆ ಕರೆಂಟು ಹೋಗುತ್ತಿತ್ತು, ಹೊಳವಾದರೆ ಬರುತ್ತಿತ್ತು. ಗಾಳಿ ಇಲ್ಲ, ಎಲ್ಲೂ ಮರ ಬಿದ್ದಿಲ್ಲ. ಸ್ಟೇಷನ್ನಿನಲ್ಲಿ ಚಾರ್ಜ್ ಮಾಡಿ, ಅಂದರೆ ಲೈನಿಗೆ ಕರೆಂಟು ಬಿಟ್ಟು ನೋಡಿದರೆ ಲೈನು ನಿಲ್ಲುತ್ತಿಲ್ಲ ಎನ್ನುತ್ತಿದ್ದರು. ‘ನಿಲ್ಲುವುದು’ ಅವರ ಮಾತು. ಜ್ವರದಿಂದ ಎದ್ದ ಮಗುವಿನಂತೆ ಲೈನನ್ನು ನಿಲ್ಲಿಸಿ ನೋಡುತ್ತಾರೆ.

ನಮ್ಮ ವಿಜಯಪುರದ ಹುಡುಗ, ಅವನ ಜೊತೆ ಇನ್ನೊಬ್ಬ. ಇಬ್ಬರೂ ದಾರಿಯಲ್ಲಿನ ಒಂದೊಂದೇ ಸ್ವಿಚ್ ಬಿಚ್ಚುತ್ತ ಬಂದರು. ಹಳ್ಳದ ಹತ್ತಿರದ ಜಿಓಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಸ್ವಿಚ್ಚು) ತೆಗೆದು ಚಾರ್ಜ್ ಮಾಡಿಸಿದರು, ಲೈನು ನಿಂತಿತು. ಅಂದರೆ ದೋಷ ಹಳ್ಳದ ಈಚೆ. ಮುಂದಿನದು ತೆಗೆದರು, ಬಿತ್ತು. ಹೀಗೆ ಕಡಿಮೆ ಮಾಡುತ್ತ ಹದಿನಾಲ್ಕು ಕಂಬಗಳಿಗೆ ತಂದರು. ಮಗಳು ಎಂಸಿಬಿ ಏರಿಸಿ ಮಾಡಿದ್ದೇ ಇದು. ಅವಳು ಒಣಗಿದ ಜಗಲಿಯಲ್ಲಿ ನಿಂತಿದ್ದಳು, ಇವರು ಮೊಣಕಾಲುದ್ದ ಕೆಸರಿನಲ್ಲಿ.

ಹದಿನಾಲ್ಕರಲ್ಲಿ ಯಾವುದು? ಹಗಲು ಎಲ್ಲ ಕಂಬವೂ ಸರಿಯಾಗೇ ಕಾಣುತ್ತಿದ್ದವು. ರಾತ್ರಿ ಎಂಟೂವರೆಗೆ ಮಳೆ ಸಣ್ಣಗೆ ಹಿಡಿದಿದ್ದಾಗ ಚಾರ್ಜ್ ಮಾಡಿಸಿ, ಟಾರ್ಚು ಆರಿಸಿ, ಕಂಬಗಳ ಸಾಲಿನಿಂದ ದೂರದಲ್ಲೇ ನಡೆಯುತ್ತ ಬಂದರು. ಮಿಲ್ಲಿನ ಹಿಂದಿನ ಕಂಬ ಕಾಣುವಷ್ಟು ದೂರದಲ್ಲಿ ಅವನು ಕೈ ಎತ್ತಿ ನಿಂತ. ನಾನು ಕೊಡೆ ಹಿಡಿದು ಹಿತ್ತಿಲಲ್ಲಿದ್ದೆ. ಮೊದಲು ಮಾಡಿನ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಚಟ. ಕಂಬದ ತುದಿಯಲ್ಲಿ, ನಡುವಿನ ತಂತಿ ಹೊತ್ತ ಪಿಂಗಾಣಿಯ ಬುಡದಲ್ಲಿ, ಉಗುರಿನಷ್ಟು ನೀಲಿ ಬೆಳಕು ಹುಟ್ಟಿ ಆರಿ ಹುಟ್ಟಿ ಆರಿತು. ಅಷ್ಟರಲ್ಲಿ ಮಳೆ ಒಮ್ಮೆ ಜೋರಾಗಿ, ಟಪ್ಪನೆ ಊರೆಲ್ಲ ಕತ್ತಲೆ.

“ಸಿಕ್ಕಿತು,” ಎಂದ. ಊರಿನ ಕರೆಂಟು ಹೋದಾಗ ಅಷ್ಟು ಸಂತೋಷಪಟ್ಟವರನ್ನು ನಾನು ಮೊದಲ ಸಲ ನೋಡಿದ್ದು.

ಬೆಳಿಗ್ಗೆ ಲೈನ್ ಕ್ಲಿಯರ್, ಅಂದರೆ ಕರೆಂಟು ನಿಲ್ಲಿಸಿ ಕೆಲಸ ಮಾಡಲು ಸ್ಟೇಷನ್ನಿನ ಒಪ್ಪಿಗೆ ತೆಗೆದುಕೊಂಡು, ಜಿಓಎಸ್ ತೆರೆದು ಬೀಗ ಹಾಕಿ, ಸರಳಿನಿಂದ ಮೂರೂ ತಂತಿಗೆ ಅರ್ತ್ ಕೊಟ್ಟು, ಆಮೇಲೆ ಹತ್ತಿದ. ಇಷ್ಟು ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಕಂಬದ ಮೇಲಿನ ಕೆಲಸ ಇಪ್ಪತ್ತು ನಿಮಿಷ. “ಅಷ್ಟೇ ಕೆಲಸಕ್ಕೆ ಇಷ್ಟು ಹೊತ್ತೇ?” ಎಂದು ಬೆಂಚಿನ ಮೇಲಿನವರೊಬ್ಬರು ಗೊಣಗಿದರು. ಅವರ ರಾಗಿಯನ್ನು ಕೊನೆಗೆ ಹಾಕಿದೆ.

ಇಳಿಸಿದ ಇನ್ಸುಲೇಟರನ್ನು ಕೇಳಿ ಇಟ್ಟುಕೊಂಡಿದ್ದೇನೆ. ಕಂದು ಬಣ್ಣದ, ಗಂಟೆಯಾಕಾರದ ಪಿಂಗಾಣಿ. ಕೈಗೆ ಒಳ್ಳೆಯ ತೂಕ, ಮಿಲ್ಲಿನ ಲೆಕ್ಕದ ಪುಸ್ತಕದ ಮೇಲೆ ಇಡುತ್ತೇನೆ. ಬೆಳಕಿಗೆ ಓರೆ ಹಿಡಿದರೆ ಬುಡದಿಂದ ಮೇಲಕ್ಕೆ ಕೂದಲಿನಷ್ಟು ತೆಳ್ಳಗಿನ ಗೆರೆ ಕಾಣುತ್ತದೆ. ಒಣಗಿದ್ದಾಗ ಆ ಬಿರುಕು ಏನೂ ಮಾಡುವುದಿಲ್ಲ. ಮಳೆನೀರು ಅದರೊಳಗೆ ಇಳಿದರೆ 11 ಕೆವಿ ಅದೇ ದಾರಿಯಲ್ಲಿ ಕಂಬಕ್ಕೆ, ಕಂಬದಿಂದ ನೆಲಕ್ಕೆ. ಅಲ್ಲಿ ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಮಿಲ್ಲಿನ ಹಿಂದೆಯೇ ಸಿಡಿಲು ಬಡಿದಿತ್ತು. ಆಗಲೇ ಬಿರುಕು ಬಿಟ್ಟಿರಬೇಕು ಎಂದು ಅವನ ಅಂದಾಜು. ಏಪ್ರಿಲಿನ ಸಿಡಿಲು ಜುಲೈ ತನಕ ಕಾದು ಕುಳಿತಿತ್ತು ನೋಡಿ.

ಮಳೆಯನ್ನು ಬೈಯುವ ಹಾಗೂ ಇಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ, ಅಕ್ಟೋಬರ್ ಹೊತ್ತಿಗೆ ರಾಜ್ಯದಲ್ಲೆಲ್ಲ ಲೋಡ್ ಶೆಡ್ಡಿಂಗ್ ಮಾತು. ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ, ಹರಿಸಲು ಕರೆಂಟು ಇರಲಿಲ್ಲ. ಮಳೆ ಬಂದರೂ ಹೋಗುತ್ತದೆ, ಬಾರದಿದ್ದರೂ ಹೋಗುತ್ತದೆ.

ಪ್ರಾಣಿಗಳ ಲೆಕ್ಕ ಬೇರೆಯೇ ಇದೆ. ಎರಡು ತಂತಿಗೆ ರೆಕ್ಕೆ ಹಚ್ಚಿದ ಬಾವಲಿ, ಟಿಸಿ ಹತ್ತಿದ ಹಾವು, ಸ್ವಿಚ್ ಬೋರ್ಡಿನೊಳಗೆ ಮೊಟ್ಟೆಯಿಟ್ಟ ಹಲ್ಲಿ. ಒಂದು ಸಲ ಆನೆ. ಬೈನೆ ಮರ ಎಂದರೆ ಅದಕ್ಕೆ ಪ್ರಾಣ. ಕೆಳಗಿನ ತೋಟದಲ್ಲಿ ಒಂದನ್ನು ತಳ್ಳಿ ಬೀಳಿಸಿತು, ಮರ ಲೈನಿನ ಮೇಲೆ, ಲೈನು ನೆಲದ ಮೇಲೆ. ಆನೆ ಅಲ್ಲೇ ಆಚೆ ನಿಂತು ಇನ್ನೊಂದು ಬೈನೆ ಸಿಗಿಯುತ್ತಿತ್ತು. ಅರಣ್ಯ ಇಲಾಖೆಯವರು ಬಂದು ಅದನ್ನು ಓಡಿಸುವ ತನಕ ಲೈನಿನವರು ನಮ್ಮ ಮಿಲ್ಲಿನಲ್ಲೇ ಕುಳಿತಿದ್ದರು. ಪತ್ರಿಕೆಯಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಮೊದಲೇ ಹಾಕಿ ತೆಗೆಯುವ ದಿನಗಳಿಗೆ ನಾನು ‘ಕ’ ಬರೆಯುವುದಿಲ್ಲ. ಹೇಳಿ ಹೋದವರನ್ನು ಹೋದರು ಎನ್ನಬಾರದು.

ಈ ವಾರದ್ದು ಹೇಳಿ ಮುಗಿಸುತ್ತೇನೆ. ಸೋಮವಾರ ರಾತ್ರಿಯ ಗಾಳಿಗೆ ಮೂರು ಕಂಬ ಮಲಗಿದವು. ಬುಧವಾರ ಮಧ್ಯಾಹ್ನ ಹೊಸ ಕಂಬ ನೆಟ್ಟು, ತಂತಿ ಎಳೆದು, ಕರೆಂಟು ಕೊಟ್ಟರು. ಬೆಂಚಿನ ಮೇಲೆ ಹನ್ನೊಂದು ಡಬ್ಬ ಸಾಲಾಗಿ ಕಾಯುತ್ತಿದ್ದವು. ಮೂರೂ ಇಂಡಿಕೇಟರ್ ಉರಿಯುತ್ತಿವೆ, ವೋಲ್ಟೇಜು ಸರಿಯಾಗಿದೆ. ದೇವರಿಗೆ ಕೈಮುಗಿದು ಸ್ಟಾರ್ಟರ್ ಒತ್ತಿದೆ. ಮೋಟರು ಎದ್ದಿತು, ಬೆಲ್ಟು ಓಡಿತು. ಆದರೆ ಸದ್ದು ಬೇರೆ. ನೋಡಿದರೆ ಬೆಲ್ಟು ಎದುರು ದಿಕ್ಕಿಗೆ ಓಡುತ್ತಿದೆ. ಲೈನಿನಿಂದ ಲೈನಿಗೆ ಜೋಡಿಸುವ ತಂತಿಯ ತುಂಡು, ಜಂಪರ್, ಕಟ್ಟುವಾಗ ಯಾವುದೋ ಎರಡು ಫೇಸ್ ಅದಲುಬದಲಾಗಿವೆ. ಮನೆಯ ದೀಪಗಳಿಗೆ ಅದು ಗೊತ್ತೂ ಆಗುವುದಿಲ್ಲ. ಮೂರು ಫೇಸಿನ ಮೋಟರು ಮಾತ್ರ ಹಿಂದುಮುಂದಾಗಿ ತಿರುಗುತ್ತದೆ.

ಫೋನ್ ಮಾಡಿದೆ. ಎರಡು ರಾತ್ರಿ ನಿದ್ದೆಗೆಟ್ಟ ದನಿ. “ಅಕ್ಕಾ, ಯಾರನ್ನಾದರೂ ಕರೆದು ಸ್ಟಾರ್ಟರಿನಲ್ಲಿ ಎರಡು ವೈರು ಅದಲುಬದಲು ಮಾಡಿಸಿಕೊಳ್ಳಿ.”

“ನಾಳೆ ನೀನು ಮೇಲೆ ಸರಿಮಾಡಿದರೆ ನನ್ನದು ಮತ್ತೆ ಉಲ್ಟಾ ಆಗುವುದಿಲ್ಲವೇ ತಮ್ಮಾ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕಡುಬು ಇದೆಯಾ?” ಎಂದ.

ನಾಲ್ಕು ಗಂಟೆಗೆ ಬಂದ. ಊರಿಗೆಲ್ಲ ಇನ್ನೊಮ್ಮೆ ಒಂದು ಗಂಟೆ ಕರೆಂಟು ತೆಗೆದು ಜಂಪರ್ ಸರಿಮಾಡಿದ. ಟಿವಿ ನೋಡುತ್ತಿದ್ದವರು ಅವನನ್ನೂ ನನ್ನನ್ನೂ ಸೇರಿಸಿ ಬೈದರು. ಹನ್ನೊಂದನೆಯ ಡಬ್ಬ ಬೀಸಿ ಮುಗಿದಾಗ ರಾತ್ರಿ ಒಂಬತ್ತೂಕಾಲು. ಬುಧವಾರದ ಚೌಕದಲ್ಲಿ ಹಾಲು ಒಂದೂವರೆ ಲೀಟರ್ ಎಂದಿದೆ. ಅದರ ಕೆಳಗೆ ಏನು ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ.